ಅನುಭವ ಇಲ್ಲದೆ ಸಿಸ್ಟಮ್ ಅಡ್ಮಿನ್ ಕೆಲಸ ಹಿಡಿಯುವುದು ಹೇಗೆ? ಕಾಸರಗೋಡಿನಿಂದ ಹೊರಡುವವರಿಗೆ ಒಂದು ಮಾರ್ಗದರ್ಶಿ

ಸಿಸ್ಟಮ್ ಅಡ್ಮಿನಿಸ್ಟ್ರೇಟರ್ (ಆಫೀಸಿನ ಸರ್ವರ್, ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವವರು) ಬೇಕಾಗಿದ್ದಾರೆ ಅಂತ ಜಾಹೀರಾತು ಬರುತ್ತದೆ. ಕೆಳಗೆ ನೋಡಿದರೆ ಎರಡು ವರ್ಷದ ಅನುಭವ ಕಡ್ಡಾಯ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಅಂತ ಬದಿಯಡ್ಕದಿಂದ ಮಂಜೇಶ್ವರದವರೆಗೆ ಎಲ್ಲ ಹುಡುಗ ಹುಡುಗಿಯರೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕಂಪನಿಯವರ ಕಡೆಯಿಂದಲೂ ಸ್ವಲ್ಪ ನೋಡಿ. ಸರ್ವರಿನ ಪಾಸ್‌ವರ್ಡ್ ಕೈಗೆ ಕೊಡುವುದು ಅಂದರೆ ಇಡೀ ಆಫೀಸಿನ ಲೆಕ್ಕ, ಮೇಲ್, ಸಂಬಳದ ಫೈಲ್ ಎಲ್ಲ ಕೊಟ್ಟ ಹಾಗೆ. ಗುರುತಿಲ್ಲದವರ ಕೈಗೆ ಯಾರು ಕೊಡುತ್ತಾರೆ? ಹಾಗಾಗಿ ಸಂಬಳ ಬರುವ ಮುಂಚೆಯೇ ನಾಲ್ಕು ಜನ ದಿನಾ ಬಳಸುವ ಒಂದು ವ್ಯವಸ್ಥೆಯನ್ನು ನೀವು ನೋಡಿಕೊಂಡಿರಬೇಕು. ಅದನ್ನು ಬರೆದೂ ಇಟ್ಟಿರಬೇಕು. ಇದು ಆಗುವ ಮಾತೇ, ಅದೂ ಊರಲ್ಲೇ ಕೂತು.

1. ಹುಡುಕಬೇಕಾದ ಹೆಸರು ಬೇರೆ

ಮೊದಲ ಕೆಲಸದ ಜಾಹೀರಾತಿನಲ್ಲಿ ಸಿಸ್ಟಮ್ ಅಡ್ಮಿನ್ ಅಂತ ಇರುವುದು ಅಪರೂಪ. ಡೆಸ್ಕ್‌ಟಾಪ್ ಸಪೋರ್ಟ್ ಎಂಜಿನಿಯರ್, ಐಟಿ ಎಕ್ಸಿಕ್ಯೂಟಿವ್, ಸರ್ವಿಸ್ ಡೆಸ್ಕ್, ಎಲ್1 ಸಪೋರ್ಟ್ (ಮೊದಲ ಹಂತದ ಸಹಾಯ), ಎನ್‌ಒಸಿ ಎಂಜಿನಿಯರ್ (ನೆಟ್‌ವರ್ಕ್ ಮೇಲೆ ಕಣ್ಣಿಡುವವರು), ಫೀಲ್ಡ್ ಎಂಜಿನಿಯರ್, ಟ್ರೈನಿ ಲಿನಕ್ಸ್ ಅಡ್ಮಿನ್ - ಈ ಹೆಸರುಗಳಲ್ಲಿ ಹುಡುಕಿ. ಆಸ್ಪತ್ರೆ, ಕಾಲೇಜುಗಳಲ್ಲಿ ಐಟಿ ಎಕ್ಸಿಕ್ಯೂಟಿವ್ ಅಂದರೆ ಪ್ರಿಂಟರಿನ ಕಾಗದ ತೆಗೆಯುವುದರಿಂದ ಹಿಡಿದು ಸರ್ವರ್ ಬ್ಯಾಕಪ್ ತನಕ ಎಲ್ಲವೂ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ದೊಡ್ಡ ಕಂಪನಿಯ ಎಲ್1 ಸೀಟಿನಲ್ಲಿ ವರ್ಷವಿಡೀ ಪಾಸ್‌ವರ್ಡ್ ರೀಸೆಟ್ ಮಾಡಿಕೊಂಡು ಕೂರುವವರೂ ಇದ್ದಾರೆ.

ಡಿಗ್ರಿ ಬೇಕಾ? ದೊಡ್ಡ ಕಂಪನಿಗಳು ಕೇಳುತ್ತವೆ. ಸಣ್ಣವು ಡಿಪ್ಲೊಮಾ, ಬಿಸಿಎ, ಐಟಿಐ ಇದ್ದರೂ ಮಾತಾಡಿಸುತ್ತವೆ. ಬಿಕಾಂ ಮಾಡಿ ಈ ಕಡೆ ಬಂದವರೂ ಇದ್ದಾರೆ.

2. ನಿಮ್ಮ ಕೈಯಲ್ಲಿ ಈಗಾಗಲೇ ಇರುವುದು

ಕೇರಳದ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ವಿಷಯ ಮರೆತೇಬಿಡುತ್ತಾರೆ. ನಮ್ಮ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಓಡುವುದು ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಹಾಕುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ (ಶಾಲೆಗಳ ಐಟಿ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ) ಆಯಿತು. ಐಟಿ ಪಾಠಪುಸ್ತಕ ಕನ್ನಡದಲ್ಲೂ ಬರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಐಟಿ ಪ್ರಾಕ್ಟಿಕಲ್ ಪರೀಕ್ಷೆ ಬರೆದವರು ನೀವು. ಗಿಂಪ್, ಜಿಯೋಜೀಬ್ರಾ, ಲಿಬ್ರೆ ಆಫೀಸ್, ಒಂದಿಷ್ಟು ಪೈಥಾನ್ - ಎಲ್ಲ ಲಿನಕ್ಸ್ ಮೇಲೆಯೇ ಮಾಡಿದ್ದು. ಲಿಟಲ್ ಕೈಟ್ಸ್ ಕ್ಲಬ್ಬಿನಲ್ಲಿ ಇದ್ದವರಂತೂ ಶಾಲೆಯ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ನೋಡಿಕೊಂಡಿದ್ದಾರೆ. ರೆಸ್ಯೂಮೆಯಲ್ಲಿ ಇದನ್ನು ಹಾಕಲು ನಾಚಿಕೊಳ್ಳುತ್ತಾರೆ. ಯಾಕೆ ಅಂತ ನನಗಂತೂ ಅರ್ಥವಾಗುವುದಿಲ್ಲ. ಬೇರೆ ಕಡೆಯ ಎಷ್ಟೋ ಹುಡುಗರು ಕಾಲೇಜು ಮುಗಿಯುವವರೆಗೂ ಲಿನಕ್ಸ್ ಮುಟ್ಟಿರುವುದಿಲ್ಲ.

ಎರಡನೆಯದು ಭಾಷೆ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಸಪೋರ್ಟ್ ಕೆಲಸದ ಅರ್ಧ ಭಾಗ ಫೋನಿನಲ್ಲಿ ಗಾಬರಿಯಾದವರ ಜೊತೆ ಮಾತಾಡುವುದು. ಮಂಗಳೂರು ಬದಿಯ ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ನರ್ಸ್ ಮಲಯಾಳಂನಲ್ಲಿ ಹೇಳುತ್ತಾರೆ, ಬಿಲ್ಲಿಂಗಿನವರು ತುಳುವಿನಲ್ಲಿ, ಡಾಕ್ಟರ್ ಇಂಗ್ಲಿಷಿನಲ್ಲಿ. ಮೂರನ್ನೂ ಅರ್ಥ ಮಾಡಿಕೊಳ್ಳುವವರು ಅಲ್ಲಿ ಬೇಗ ಬೇಕಾದವರಾಗುತ್ತಾರೆ.

3. ಹಳೇ ಲ್ಯಾಪ್‌ಟಾಪ್ ಒಂದು ಸಾಕು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಆಗದ, ಆದರೆ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪ್‌ಗಳು ಆಫೀಸುಗಳಿಂದ ಹೊರಗೆ ಬರುತ್ತಿವೆ. ನಿಮಗೆ ಬೇಕಾದದ್ದು ಅದೇ. 8 ಜಿಬಿ ರ‍್ಯಾಮ್, ಒಂದು ಸಣ್ಣ ಎಸ್‌ಎಸ್‌ಡಿ ಇದ್ದರೆ ಡೆಬಿಯನ್ ಅಥವಾ ಉಬುಂಟು (ಎರಡೂ ಲಿನಕ್ಸಿನ ಬಗೆಗಳು) ಹಾಕಿ, ಅದರ ಮೇಲೆ ವರ್ಚುವಲ್ ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಮೆಷಿನ್, ಓಡಿಸುವ ಪ್ರೋಗ್ರಾಂ) ಹಾಕಿ. ಎಲ್ಲ ಪುಕ್ಕಟೆ. ಒಂದೇ ಲ್ಯಾಪ್‌ಟಾಪಿನೊಳಗೆ ಎರಡು ಮೂರು ಸಣ್ಣ ಸರ್ವರ್ ಓಡಿಸಬಹುದು. 4 ಜಿಬಿ ಮಾತ್ರ ಇದ್ದರೆ ಲಿನಕ್ಸ್ ಒಂದನ್ನೇ ಕಲಿಯಿರಿ, ವಿಂಡೋಸ್ ಸರ್ವರ್ ಆಮೇಲೆ ನೋಡೋಣ.

ಮಳೆಗಾಲದ ಒಂದು ಮಾತು. ನಮ್ಮಲ್ಲಿ ತುಲಾಮಾಸದ ಗುಡುಗು ಸಿಡಿಲು ಮೊದಲು ತಿನ್ನುವುದು ಮೋಡೆಮನ್ನು. ಕರೆಂಟಿನ ಪ್ಲಗ್ ಮಾತ್ರ ಕಿತ್ತರೆ ಸಾಲದು. ಹೊರಗಿನಿಂದ ಬರುವ ತಾಮ್ರದ ಫೋನ್ ವೈರ್, ಲ್ಯಾನ್ ವೈರ್ ಕೂಡ ಕಿತ್ತಿಡಬೇಕು. ಎಷ್ಟೋ ಸಲ ಲ್ಯಾಪ್‌ಟಾಪ್ ಉಳಿದು ಲ್ಯಾನ್ ಪೋರ್ಟ್ ಮಾತ್ರ ಸುಟ್ಟಿರುತ್ತದೆ. ಇದೂ ಸಿಸ್ಟಮ್ ಅಡ್ಮಿನ್ ಪಾಠವೇ. ಇಂಟರ್‌ವ್ಯೂನಲ್ಲಿ ಯುಪಿಎಸ್, ಅರ್ತಿಂಗ್ ಬಗ್ಗೆ ಕೇಳಿದರೆ ಹೇಳಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.

4. ನೆಟ್‌ವರ್ಕ್ ಮೊದಲು

ಎಲ್ಲರೂ ಕ್ಲೌಡ್ (ಬಾಡಿಗೆಗೆ ಸಿಗುವ ಸರ್ವರ್), ಡಾಕರ್ ಅಂತ ಶುರು ಮಾಡುತ್ತಾರೆ. ನನ್ನ ಮಾತು ಕೇಳಿ, ನೆಟ್‌ವರ್ಕ್ ಮೊದಲು. ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ನಂಬರ್), ಸಬ್‌ನೆಟ್ (ನೆಟ್‌ವರ್ಕಿನ ಒಂದು ಭಾಗ), ಗೇಟ್‌ವೇ (ಹೊರಗೆ ಹೋಗುವ ಬಾಗಿಲು), ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು), ಡಿಎಚ್‌ಸಿಪಿ (ಐಪಿ ವಿಳಾಸ ತಾನಾಗಿ ಹಂಚುವುದು) - ಈ ಐದು ಗಟ್ಟಿಯಾದರೆ ಮೊದಲ ವರ್ಷದ ಕೆಲಸದಲ್ಲಿ ತುಂಬಾ ಕಡೆ ಪಾರಾಗುತ್ತೀರಿ.

ಒಂದು ಕರೆ ಬಂತು ಅಂತ ಇಟ್ಟುಕೊಳ್ಳಿ: ‘ನೆಟ್ ಇಲ್ಲ ಮಾರಾಯ್ರೇ!’ ಕೂಡಲೇ ರೌಟರ್ ಆಫ್ ಮಾಡಿ ಆನ್ ಮಾಡಿ ಅನ್ನಬೇಡಿ. ಮೊದಲು ಕೇಳಿ: ನಿಮಗೆ ಮಾತ್ರವಾ, ಪಕ್ಕದವರಿಗೂ ಇಲ್ಲವಾ? ಈ ಒಂದು ಪ್ರಶ್ನೆಯಲ್ಲೇ ಅರ್ಧ ಉತ್ತರ ಸಿಗುತ್ತದೆ. ಅವರಿಗೆ ಮಾತ್ರ ಇಲ್ಲ ಅಂದರೆ ವೈರಿನ ಲೈಟ್ ಮಿಣುಕುತ್ತಿದೆಯಾ ನೋಡಲು ಹೇಳಿ. ಆಮೇಲೆ ಐಪಿ ವಿಳಾಸ. 169.254ರಿಂದ ಶುರುವಾದರೆ ಆ ಕಂಪ್ಯೂಟರಿಗೆ ಡಿಎಚ್‌ಸಿಪಿ ಸರ್ವರ್ ಉತ್ತರ ಕೊಟ್ಟಿಲ್ಲ, ಅದೇ ಸುಮ್ನೆ ಒಂದು ವಿಳಾಸ ಹಾಕಿಕೊಂಡಿದೆ ಅಂತ ಅರ್ಥ. ವಿಳಾಸ 192.168 ಅಥವಾ 10ರಿಂದ ಶುರುವಾಗಿ ಸರಿಯಾಗಿಯೇ ಇದ್ದರೆ ಗೇಟ್‌ವೇಗೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್) ಮಾಡಿ. ಅದು ಉತ್ತರಿಸಿದರೆ ಹೊರಗಿನ 8.8.8.8ಕ್ಕೆ (ಗೂಗಲ್‌ನ ಡಿಎನ್‌ಎಸ್ ಸರ್ವರ್) ಪಿಂಗ್ ಮಾಡಿ. ಅದೂ ಉತ್ತರಿಸಿ, ವೆಬ್‌ಸೈಟಿನ ಹೆಸರಿಗೆ ಮಾಡಿದಾಗ ಮಾತ್ರ ಆಗುತ್ತಿಲ್ಲವಾ? ಹಾಗಾದರೆ ಡಿಎನ್‌ಎಸ್ ಕೆಟ್ಟಿದೆ.

ಹತ್ತಿರದಿಂದ ದೂರಕ್ಕೆ ಒಂದೊಂದೇ ಹೆಜ್ಜೆ. ಈ ಕ್ರಮ ನಾಲಗೆಗೆ ಬರುವಷ್ಟು ಅಭ್ಯಾಸವಾಗಬೇಕು. ಡೆಸ್ಕ್‌ಟಾಪ್ ಸಪೋರ್ಟ್ ಇಂಟರ್‌ವ್ಯೂನಲ್ಲಿ ಇದು ಯಾವುದಾದರೂ ರೂಪದಲ್ಲಿ ಬಂದೇ ಬರುತ್ತದೆ. ಕಲಿಯಲು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಆನ್‌ಲೈನ್ ಪಾಠಗಳಲ್ಲಿ ಪುಕ್ಕಟೆಯವು ಇವೆ. ಅದರ ಪ್ಯಾಕೆಟ್ ಟ್ರೇಸರ್‌ನಲ್ಲಿ ರೌಟರ್, ಸ್ವಿಚ್ ಕೊಳ್ಳದೇ ನೆಟ್‌ವರ್ಕ್ ಕಟ್ಟಿ ನೋಡಬಹುದು.

5. ಲಿನಕ್ಸ್, ಬಿಡದೆ ವಿಂಡೋಸ್ ಸರ್ವರ್ ಕೂಡ

ಲಿನಕ್ಸ್‌ನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಬಿಟ್ಟು ಬೇರೆ ಕಡೆ ಹೋಗಬೇಡಿ. ಇವನ್ನು ಕಲಿಯಿರಿ: ಫೈಲ್ ಪರ್ಮಿಷನ್ (ಯಾರು ಓದಬಹುದು, ಬರೆಯಬಹುದು ಅನ್ನುವುದು), ಯೂಸರ್ ಮತ್ತು ಗ್ರೂಪ್, ಎಸ್‌ಎಸ್‌ಎಚ್ ಕೀ (ದೂರದ ಸರ್ವರಿಗೆ ಲಾಗಿನ್ ಆಗುವ ಕೀಲಿ), ಪ್ಯಾಕೇಜ್ ಅಪ್‌ಡೇಟ್, ಸಿಸ್ಟಮ್‌ಡಿ ಸರ್ವಿಸ್ (ಹಿಂದೆ ಸದಾ ಓಡುವ ಪ್ರೋಗ್ರಾಂ), ಲಾಗ್ (ಸಿಸ್ಟಮ್ ಬರೆದಿಡುವ ದಾಖಲೆ) ಓದುವುದು, ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ತಾನಾಗಿ ನಡೆಸುವುದು). ಯಾವುದಾದರೂ ಫೈಲ್ ತೆರೆಯದಿದ್ದರೆ ಪರ್ಮಿಷನ್ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟು ಕೈ ತೊಳೆದುಕೊಳ್ಳುವ ಚಟ ಮಾಡಿಕೊಳ್ಳಬೇಡಿ. ಯೂಟ್ಯೂಬಿನಲ್ಲಿ ಅದನ್ನೇ ಹೇಳಿಕೊಡುವವರು ಇದ್ದಾರೆ. ಇಂಟರ್‌ವ್ಯೂನಲ್ಲಿ ಹಾಗೆ ಹೇಳಿದರೆ ಅಲ್ಲಿಗೆ ಕಥೆ ಮುಗಿಯಿತು. ಇಂಗ್ಲಿಷ್ ವಿಡಿಯೋ ಕಷ್ಟ ಅನಿಸಿದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಪಾಠಗಳ ಕನ್ನಡ ಧ್ವನಿಯೂ ಸಿಗುತ್ತದೆ.

ಲಿನಕ್ಸ್ ಪ್ರೀತಿಸುವವರು ವಿಂಡೋಸ್ ಕಂಡರೆ ಮೂಗು ಮುರಿಯುತ್ತಾರೆ. ಆದರೆ ಆಸ್ಪತ್ರೆ, ಕಾಲೇಜು, ಕಾರ್ಖಾನೆ - ಹೆಚ್ಚಿನ ಕಡೆ ಯೂಸರ್ ಲಾಗಿನ್ ನಡೆಯುವುದು ಆಕ್ಟಿವ್ ಡೈರೆಕ್ಟರಿಯಲ್ಲಿ (ಎಲ್ಲರ ಯೂಸರ್ ಹೆಸರು, ಪಾಸ್‌ವರ್ಡ್ ಒಂದೇ ಕಡೆ ನೋಡಿಕೊಳ್ಳುವ ಮೈಕ್ರೋಸಾಫ್ಟಿನ ವ್ಯವಸ್ಥೆ). ವಿಂಡೋಸ್ ಸರ್ವರಿನ 180 ದಿನದ ಇವ್ಯಾಲ್ಯುಯೇಷನ್ ಕಾಪಿಯನ್ನು ಮೈಕ್ರೋಸಾಫ್ಟ್ ಪುಕ್ಕಟೆ ಕೊಡುತ್ತದೆ. ಅದರಲ್ಲಿ ಒಂದು ಡೊಮೈನ್ (ಒಂದೇ ಲಾಗಿನ್ ವ್ಯವಸ್ಥೆಗೆ ಸೇರಿದ ಕಂಪ್ಯೂಟರುಗಳ ಗುಂಪು) ಕಟ್ಟಿ, ಒಂದು ವಿಂಡೋಸ್ ಕಂಪ್ಯೂಟರನ್ನು ಆ ಡೊಮೈನಿಗೆ ಸೇರಿಸಿ. ಮೊದಲ ಸಲ ಸೇರುವುದಿಲ್ಲ, ನೋಡಿ ಬೇಕಾದರೆ. ಕ್ಲೈಂಟ್ ಕಂಪ್ಯೂಟರಿನ ಡಿಎನ್‌ಎಸ್ ಮನೆಯ ರೌಟರ್ ಕಡೆಗೆ ತಿರುಗಿರುತ್ತದೆ. ಅದನ್ನು ಡೊಮೈನ್ ಕಂಟ್ರೋಲರ್ (ಆ ಡೊಮೈನ್ ನಡೆಸುವ ಸರ್ವರ್) ಕಡೆಗೆ ತಿರುಗಿಸಿದ ಕೂಡಲೇ ಸೇರುತ್ತದೆ. ಹೀಗೆ ಒಮ್ಮೆ ಸಿಕ್ಕಿಬಿದ್ದು ಬಿಡಿಸಿಕೊಂಡವರಿಗೆ ಆಕ್ಟಿವ್ ಡೈರೆಕ್ಟರಿ ಡಿಎನ್‌ಎಸ್ ಮೇಲೆ ನಿಂತಿದೆ ಅನ್ನುವುದು ಜನ್ಮದಲ್ಲಿ ಮರೆಯುವುದಿಲ್ಲ.

ಪೈಥಾನ್, ಬ್ಯಾಶ್, ಪವರ್‌ಶೆಲ್ - ಯಾವುದಾದರೂ ಒಂದರಲ್ಲಿ ಸಣ್ಣ ಸ್ಕ್ರಿಪ್ಟ್ (ಕೆಲಸವನ್ನು ತಾನಾಗಿ ಮಾಡಿಸುವ ಕಮಾಂಡುಗಳ ಫೈಲ್) ಬರೆಯಲು ಬಂದರೆ ಶುರುವಿಗೆ ಸಾಕು. ಕ್ಲೌಡ್ ಕಲಿಯುವಾಗ ಕಾರ್ಡ್ ನಂಬರ್ ಕೊಡಬೇಕಾಗುತ್ತದೆ. ಬಿಲ್ ಅಲರ್ಟ್ ಇಟ್ಟ ನಂತರವೇ ಮುಂದಿನ ಬಟನ್ ಒತ್ತಿ.

6. ಕೆಡಿಸಿ, ಸರಿ ಮಾಡಿ, ಬರೆದಿಡಿ

ಇನ್‌ಸ್ಟಾಲ್ ಮಾಡಲು ಎಲ್ಲರಿಗೂ ಬರುತ್ತದೆ. ಕೆಟ್ಟದ್ದನ್ನು ಸರಿ ಮಾಡುವವರಿಗೇ ಸಂಬಳ. ಆದ್ದರಿಂದ ನಿಮ್ಮ ಲ್ಯಾಬನ್ನು ಬೇಕೆಂದೇ ಕೆಡಿಸಿ. ಡಿಸ್ಕ್ ತುಂಬಿಸುವುದು ಇದಕ್ಕೆ ಒಳ್ಳೆಯ ದಾರಿ.

ಒಂದು ವರ್ಚುವಲ್ ಮೆಷಿನಿನಲ್ಲಿ ಎನ್‌ಜಿನ್‌ಎಕ್ಸ್ (ವೆಬ್ ಪುಟಗಳನ್ನು ಕೊಡುವ ಸರ್ವರ್ ಪ್ರೋಗ್ರಾಂ) ಹಾಕಿ ಒಂದು ವೆಬ್ ಪುಟ ಓಡಿಸಿ, ಮುಂದೆ ಡೇಟಾಬೇಸ್ ಕೂಡ ಹಾಕಿ. ಆಮೇಲೆ ಲಾಗ್ ಫೈಲನ್ನು ಬೆಳೆಸಿ ಬೆಳೆಸಿ ಡಿಸ್ಕ್ ಪೂರ್ತಿ ತುಂಬಿಸಿ. ಡೇಟಾಬೇಸ್ ಬರೆಯಲಾಗದೆ ನಿಲ್ಲುತ್ತದೆ, ಸೈಟ್ ಎರರ್ ಕೊಡುತ್ತದೆ. ಈಗ ‘ಡಿಎಫ್’ (df) ಕಮಾಂಡ್ ಕೊಟ್ಟರೆ 100 ಶೇಕಡಾ ಅಂತ ತೋರಿಸುತ್ತದೆ. ಯಾವ ಫೋಲ್ಡರ್ ದಪ್ಪಗಾಗಿದೆ ಅಂತ ‘ಡಿಯು’ (du) ಹೇಳುತ್ತದೆ. ದೊಡ್ಡ ಲಾಗ್ ಫೈಲ್ ಸಿಕ್ಕಿತು, ಅಳಿಸಿದಿರಿ. ಮತ್ತೆ ‘ಡಿಎಫ್’ ನೋಡಿದರೆ ಇನ್ನೂ 100 ಶೇಕಡಾ! ಹೊಸಬರು ಇಲ್ಲೇ ತಲೆ ಕೆರೆದುಕೊಳ್ಳುವುದು. ಫೈಲಿನ ಹೆಸರು ಹೋಗಿದೆ, ಆದರೆ ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಇನ್ನೂ ಓಡುತ್ತಿದೆ. ಅದು ಬಿಡುವವರೆಗೆ ಜಾಗ ವಾಪಸ್ ಬರುವುದಿಲ್ಲ. ‘ಎಲ್‌ಎಸ್‌ಒಎಫ್’ (lsof) ಕೊಟ್ಟರೆ ಯಾರು ಹಿಡಿದಿದ್ದಾರೆ ಅಂತ ಗೊತ್ತಾಗುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬರುತ್ತದೆ. ಇನ್ನು ಮುಂದೆ ಹೀಗಾಗದಂತೆ ಲಾಗ್‌ರೊಟೇಟ್ (ಹಳೆಯ ಲಾಗ್‌ಗಳನ್ನು ತಾನಾಗಿ ತೆಗೆಯುವ ಪ್ರೋಗ್ರಾಂ) ಸರಿ ಮಾಡಿ. ಜಾಗ ಖಾಲಿ ಇದ್ದೂ ಫೈಲ್ ಬರೆಯಲು ಆಗದ ಸಂದರ್ಭವೂ ಉಂಟು. ಆಗ ಐನೋಡ್ (ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾದ ಒಂದು ದಾಖಲೆ) ಮುಗಿದಿದೆಯಾ ನೋಡಬೇಕು.

ಇದೆಲ್ಲವನ್ನೂ ಬರೆದಿಡಿ. ಏನಾಯಿತು, ಏನು ನೋಡಿದೆ, ಏನು ಮಾಡಿದೆ, ಮುಂದೆ ಆಗದಂತೆ ಏನು ಮಾಡಿದೆ. ನಾಲ್ಕೇ ಭಾಗ. ಸರಳ ಇಂಗ್ಲಿಷಿನಲ್ಲಿ ಬರೆಯಿರಿ, ಯಾಕೆಂದರೆ ಕೆಲಸದಲ್ಲಿ ಟಿಕೆಟ್ (ಬಂದ ದೂರಿನ ದಾಖಲೆ) ಬರೆಯುವುದು ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಭಯ ಜಾಸ್ತಿ ಅಲ್ವಾ? ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯದ್ದು. ಇಂಥ ಹತ್ತಿಪ್ಪತ್ತು ಟಿಪ್ಪಣಿ ಬರೆಯುವಷ್ಟರಲ್ಲಿ ಕೈ ಪಳಗುತ್ತದೆ. ಗಿಟ್‌ಹಬ್‌ನಲ್ಲಿ (ಕೋಡ್, ಟಿಪ್ಪಣಿ ಹಂಚಿಕೊಳ್ಳುವ ಜಾಲತಾಣ) ಹಾಕಿ ಅದರ ಲಿಂಕನ್ನು ರೆಸ್ಯೂಮೆಗೆ ಸೇರಿಸಿ. ಪಾಸ್‌ವರ್ಡ್ ಇರುವ ಫೈಲ್ ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ.

7. ಊರಿನ ಕಂಪ್ಯೂಟರುಗಳು

ನಿಜವಾದ ಅನುಭವ ಬರುವುದು ಇಲ್ಲಿ. ಸುತ್ತ ನೋಡಿ. ಸರ್ವೀಸ್ ಸಹಕಾರಿ ಬ್ಯಾಂಕ್, ಅಕ್ಷಯ ಕೇಂದ್ರ, ಗ್ರಂಥಾಲಯ, ಹಾಲಿನ ಸೊಸೈಟಿ, ಪ್ರಿಂಟಿಂಗ್ ಪ್ರೆಸ್, ಫೋಟೋ ಸ್ಟುಡಿಯೋ, ಅನುದಾನಿತ ಶಾಲೆ. ಎಲ್ಲ ಕಡೆ ಕಂಪ್ಯೂಟರ್ ಇದೆ, ನೋಡಿಕೊಳ್ಳುವವರು ಇಲ್ಲ. ಬ್ಯಾಂಕಿನ ಸಿಸ್ಟಮ್ ಮುಟ್ಟಲು ಬಿಡುವುದಿಲ್ಲ, ಬಿಡಲೂ ಬಾರದು. ಉಳಿದ ಕಡೆ ಹೋಗಿ ಕೇಳಬಹುದು.

ನಾನಾದರೆ ಶಾಲೆ ಅಥವಾ ಸ್ಟುಡಿಯೋದಿಂದ ಶುರು ಮಾಡುತ್ತೇನೆ. ಶಾಲೆಯಲ್ಲಿ ಮಾಷ್ಟ್ರ ಪರಿಚಯ ಇರುತ್ತದೆ. ಸ್ಟುಡಿಯೋದವರಿಗೆ ಮದುವೆ ಫೋಟೋ ಕಳೆದುಹೋಗುವ ಭಯ ಇರುತ್ತದೆ. ಮೊದಲು ಬ್ಯಾಕಪ್ ಬಗ್ಗೆ ಕೇಳಿ. ‘ಈ ಹಾರ್ಡ್ ಡಿಸ್ಕ್ ಇವತ್ತು ಹೋದರೆ ಏನು ಮಾಡುತ್ತೀರಿ?’ ಅಂದರೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ - ಈ 3-2-1 ಲೆಕ್ಕದಲ್ಲಿ ಒಂದು ವ್ಯವಸ್ಥೆ ಮಾಡಿಕೊಡಿ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತೆಗೆದು ತೋರಿಸಿ. ತೆಗೆದು ನೋಡದ ಬ್ಯಾಕಪ್ ಇದ್ದೂ ಒಂದೇ ಇಲ್ಲದೆಯೂ ಒಂದೇ. ಆಮೇಲೆ ವೈಫೈ ಪಾಸ್‌ವರ್ಡ್, ರೌಟರಿನ ಡೀಫಾಲ್ಟ್ ಪಾಸ್‌ವರ್ಡ್, ಹಳೆಯ ಅಪ್‌ಡೇಟ್‌ಗಳು, ಯಾವ ಕಂಪ್ಯೂಟರ್ ಎಲ್ಲಿದೆ ಅಂತ ಒಂದು ಪಟ್ಟಿ.

ಎರಡು ಎಚ್ಚರ. ಏನು ಮುಟ್ಟಬಹುದು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಸಹಿ ಇರಲಿ. ಒಪ್ಪಿಗೆ ಇಲ್ಲದೆ ಯಾರದೇ ನೆಟ್‌ವರ್ಕ್ ಸ್ಕ್ಯಾನ್ ಮಾಡಬೇಡಿ, ತಮಾಷೆಗೂ ಬೇಡ. ಹಾಗೇ ಪುಕ್ಕಟೆ ಸೇವೆಗೆ ಒಂದು ಗಡುವು ಇಡಿ. ಮೂರು ತಿಂಗಳ ಮೇಲೆ ಸ್ವಲ್ಪವಾದರೂ ಹಣ ಕೇಳಿ, ಇಲ್ಲದಿದ್ದರೆ ಒಂದು ಅನುಭವ ಪತ್ರ ಕೇಳಿ. ನಮ್ಮೂರಿನವರಿಗೆ ಕೇಳಲು ಸಂಕೋಚ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಕೇಬಲ್ ಇಂಟರ್‌ನೆಟ್ ಆಪರೇಟರುಗಳ ಹತ್ತಿರ ಟೆಕ್ನಿಷಿಯನ್ ಆಗಿ ಸೇರುವುದೂ ಒಂದು ದಾರಿ. ಕಂಬ ಹತ್ತಬೇಕಾಗಬಹುದು, ಆದರೆ ಫೈಬರ್ ಸ್ಪ್ಲೈಸಿಂಗ್ (ಫೈಬರ್ ಎಳೆ ಜೋಡಿಸುವುದು), ರೌಟರ್ ಕಾನ್ಫಿಗರೇಷನ್ ಕೈಗೆ ಬರುತ್ತದೆ.

8. ಸರ್ಟಿಫಿಕೇಟ್ ಎಷ್ಟು ಬೇಕು?

ಒಂದು. ನೆಟ್‌ವರ್ಕ್ ಇಷ್ಟವಾದರೆ ಸಿಸ್ಕೋ ಕಂಪನಿಯ ಸಿಸಿಎನ್‌ಎ, ಲಿನಕ್ಸ್ ಇಷ್ಟವಾದರೆ ರೆಡ್ ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ. ರೆಡ್ ಹ್ಯಾಟ್ ಪರೀಕ್ಷೆಯಲ್ಲಿ ಆಯ್ಕೆ ಪ್ರಶ್ನೆಗಳಿಲ್ಲ. ಓಡುವ ಸಿಸ್ಟಮ್ ಕೊಟ್ಟು ಕೆಲಸ ಮಾಡಿಸುತ್ತಾರೆ. ಅದಕ್ಕೇ ಅದಕ್ಕೆ ಬೆಲೆ. ಎರಡು ಸರ್ಟಿಫಿಕೇಟಿನ ಅವಧಿಯೂ ಮೂರು ವರ್ಷ. ಅಭ್ಯಾಸಕ್ಕೆ ರೆಡ್ ಹ್ಯಾಟ್‌ನ ಡೆವಲಪರ್ ಸಬ್‌ಸ್ಕ್ರಿಪ್ಷನ್ ವೈಯಕ್ತಿಕ ಬಳಕೆಗೆ ಪುಕ್ಕಟೆ. ಬೇಡವಾದರೆ ಅದರ ಹಾಗೇ ಇರುವ ಆಲ್ಮಾ ಲಿನಕ್ಸ್ ಅಥವಾ ರಾಕಿ ಲಿನಕ್ಸ್‌ನಲ್ಲಿ ಅಭ್ಯಾಸ ಮಾಡಬಹುದು. ಪರೀಕ್ಷೆಯ ಫೀಸು ಮಾತ್ರ ನಮ್ಮ ಜೇಬಿಗೆ ಭಾರ. ಹಾಗಾಗಿ ಮನೆಯಲ್ಲಿ ಪೂರ್ತಿ ಅಭ್ಯಾಸ ಆಗುವವರೆಗೆ ಕಟ್ಟಬೇಡಿ. ಕೆಲಸಕ್ಕೆ ಸೇರಿದ ಮೇಲೆ ಕಂಪನಿಯೇ ಕಟ್ಟುವುದೂ ಉಂಟು.

ಪೇಟೆಯಲ್ಲಿ ‘100 ಶೇಕಡಾ ಪ್ಲೇಸ್‌ಮೆಂಟ್’ ಬೋರ್ಡ್ ಹಾಕಿದ ಸಂಸ್ಥೆಗೆ ಹೋದರೆ ಒಂದೇ ಮಾತು ಕೇಳಿ: ಹೋದ ಬ್ಯಾಚಿನ ಇಬ್ಬರ ಜೊತೆ ಮಾತಾಡಿಸುತ್ತೀರಾ? ಉತ್ತರ ತಡವರಿಸಿದರೆ ಎದ್ದು ಬನ್ನಿ.

9. ಎಲ್ಲಿ ಅರ್ಜಿ ಹಾಕಬೇಕು

ಮಂಗಳೂರು ಮೊದಲು. ಕಾಸರಗೋಡಿನಿಂದ 50 ಕಿಲೋಮೀಟರ್ ಆಸುಪಾಸು, ಮಂಜೇಶ್ವರದವರಿಗೆ ಅದರ ಅರ್ಧಕ್ಕಿಂತ ಕಡಿಮೆ. ತಲಪಾಡಿ ದಾಟಿದರೆ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳ ಸಾಲೇ ಇದೆ. ಇವು 24 ಗಂಟೆ ನಡೆಯುವ ಜಾಗಗಳು, ಐಟಿ ಸಿಬ್ಬಂದಿ ಸದಾ ಬೇಕು. ಇಲ್ಲಿಗೆ ಆನ್‌ಲೈನ್ ಅರ್ಜಿಗಿಂತ ರೆಸ್ಯೂಮೆ ಹಿಡಿದು ನೇರ ಹೋಗುವುದು ಒಳ್ಳೆಯದು. ರಾತ್ರಿ ಪಾಳಿ ಇದೆಯಾ ಅಂತ ಮೊದಲೇ ಕೇಳಿ. ರಾತ್ರಿ ಹತ್ತರ ಮೇಲೆ ಬದಿಯಡ್ಕ, ಪೆರ್ಲ ಕಡೆಗೆ ಬಸ್ಸು ನೆಚ್ಚಿಕೊಳ್ಳುವ ಹಾಗಿಲ್ಲ. ಪಾಳಿ ಇದ್ದರೆ ದೇರಳಕಟ್ಟೆಯಲ್ಲಿ ರೂಮಿನ ಖರ್ಚನ್ನು ಸಂಬಳದಿಂದ ಕಳೆದು ನೋಡಿ.

ಕೊಚ್ಚಿ, ಕೋಯಿಕ್ಕೋಡ್, ತಿರುವನಂತಪುರ ಕಡೆ ಹೊರದೇಶದ ವೆಬ್ ಹೋಸ್ಟಿಂಗ್ (ವೆಬ್‌ಸೈಟುಗಳಿಗೆ ಸರ್ವರ್ ಬಾಡಿಗೆ ಕೊಡುವ) ಕಂಪನಿಗಳಿಗೆ ಸರ್ವರ್ ಸಪೋರ್ಟ್ ಕೊಡುವ ಸಂಸ್ಥೆಗಳಿವೆ. ಲಿನಕ್ಸ್ ಗೊತ್ತಿರುವ ಫ್ರೆಶರ್‌ಗಳನ್ನು ಟ್ರೈನಿಗಳಾಗಿ ತೆಗೆದುಕೊಳ್ಳುತ್ತವೆ. ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್ - ಈ ಐಟಿ ಪಾರ್ಕುಗಳೆರಡರ ಜಾಲತಾಣದಲ್ಲೂ ಕೆಲಸಗಳ ಪುಟ ಇದೆ, ವಾರಕ್ಕೊಮ್ಮೆ ನೋಡಿ. ನಮ್ಮ ಮಕ್ಕಳು ಕಣ್ಣು ಮುಚ್ಚಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ದಕ್ಷಿಣದ ಈ ಕಡೆ ತಿರುಗಿಯೂ ನೋಡುವುದಿಲ್ಲ. ಡಿಪ್ಲೊಮಾ ಅಥವಾ ಡಿಗ್ರಿ ಮುಗಿದು ಜಾಸ್ತಿ ಸಮಯ ಆಗದಿದ್ದರೆ ನ್ಯಾಟ್ಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲಿನಲ್ಲಿ ಅಪ್ರೆಂಟಿಸ್‌ಶಿಪ್ ಹುಡುಕಿ. ಸ್ಟೈಪೆಂಡ್ ಸಣ್ಣದು, ಸರ್ಕಾರಿ ಪ್ರಮಾಣಪತ್ರ ಸಿಗುತ್ತದೆ.

10. ರೆಸ್ಯೂಮೆ ಮತ್ತು ಇಂಟರ್‌ವ್ಯೂ

ಒಂದೇ ಪುಟ. ‘ಹಾರ್ಡ್ ವರ್ಕರ್, ಟೀಮ್ ಪ್ಲೇಯರ್’ ತೆಗೆದುಹಾಕಿ. ಬದಲಿಗೆ ಮಾಡಿದ್ದನ್ನು ಹಾಕಿ: ಶಾಲೆಯ ಇಷ್ಟು ಕಂಪ್ಯೂಟರಿಗೆ ಉಬುಂಟು ಹಾಕಿದೆ, ಸ್ಟುಡಿಯೋದಲ್ಲಿ ದಿನಾ ರಾತ್ರಿ ತಾನಾಗಿ ನಡೆಯುವ ಬ್ಯಾಕಪ್ ಕಟ್ಟಿದೆ, ಲ್ಯಾಬಿನಲ್ಲಿ ಆಕ್ಟಿವ್ ಡೈರೆಕ್ಟರಿ ನಡೆಸುತ್ತಿದ್ದೇನೆ. ಗೊತ್ತಿರುವ ಭಾಷೆಗಳನ್ನು ಕೊನೆಯಲ್ಲಿ ಅಡಗಿಸಬೇಡಿ, ಮೇಲೆ ತನ್ನಿ. ಬರೆದ ಪ್ರತಿ ಪದದ ಮೇಲೂ ಪ್ರಶ್ನೆ ಬರುತ್ತದೆ ಅಂತ ನೆನಪಿರಲಿ. ಒಮ್ಮೆ ಹೆಸರು ಕೇಳಿದ ಮಾತ್ರಕ್ಕೆ ‘ಕುಬರ್ನೆಟಿಸ್ ಗೊತ್ತು’ ಅಂತ ಬರೆದರೆ ಅಲ್ಲೇ ಮುಗ್ಗರಿಸುತ್ತೀರಿ.

ಬ್ರೌಸರಿನಲ್ಲಿ ಒಂದು ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ ಏನೇನು ನಡೆಯುತ್ತದೆ ಅನ್ನುವುದು ಹಳೆಯ ಪ್ರಶ್ನೆ. ಡಿಎನ್‌ಎಸ್ ಹುಡುಕಾಟ, 443 ಪೋರ್ಟಿಗೆ (ಸುರಕ್ಷಿತ ವೆಬ್‌ಸೈಟಿನ ಬಾಗಿಲು) ಸಂಪರ್ಕ, ಟಿಎಲ್‌ಎಸ್ ಒಪ್ಪಂದ (ಮಾತುಕತೆ ಗುಟ್ಟಾಗಿಡುವ ಏರ್ಪಾಡು), ವಿನಂತಿ, ಉತ್ತರ - ಇಷ್ಟನ್ನು ನಿಮ್ಮ ಮಾತಿನಲ್ಲಿ ಹೇಳುವುದು ಅಭ್ಯಾಸ ಮಾಡಿ. ಗೊತ್ತಿಲ್ಲದ್ದು ಕೇಳಿದರೆ ‘ಗೊತ್ತಿಲ್ಲ’ ಅನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ಮೊದಲು ಲಾಗ್ ನೋಡುತ್ತೇನೆ, ಇತ್ತೀಚೆಗೆ ಏನು ಬದಲಾಯಿತು ಅಂತ ಕೇಳುತ್ತೇನೆ’ ಅಂತ ಮುಂದುವರಿಸಿ. ನೀವು ಹೇಗೆ ಯೋಚಿಸುತ್ತೀರಿ ಅಂತ ಅವರಿಗೆ ನೋಡಬೇಕಾಗಿರುತ್ತದೆ.

11. ಸಹಿ ಹಾಕುವ ಮುಂಚೆ

ಕೆಲಸ ಕೊಡಲು ಡಿಪಾಸಿಟ್ ಕೇಳಿದರೆ ಅದು ಕೆಲಸ ಅಲ್ಲ, ವ್ಯಾಪಾರ. ಮಾರ್ಕ್ಸ್‌ಕಾರ್ಡಿನ ಮೂಲಪ್ರತಿ ಕೊಡಬೇಡಿ, ತೋರಿಸಿ ವಾಪಸ್ ತನ್ನಿ. ಬಾಂಡ್ ಇದ್ದರೆ ಎಷ್ಟು ಕಾಲ, ಬಿಟ್ಟರೆ ಎಷ್ಟು ಹಣ ಅಂತ ಓದಿ, ಗೊತ್ತಿದ್ದವರ ಹತ್ತಿರ ಓದಿಸಿ. ಆಫರ್ ಲೆಟರ್ ಬರೀ ಜಿಮೇಲ್ ವಿಳಾಸದಿಂದ ಬಂದರೆ ಕಂಪನಿಯ ಆಫೀಸಿಗೆ ಫೋನ್ ಮಾಡಿ ವಿಚಾರಿಸಿ.

ಮನೆಯಲ್ಲಿ ಯಾರಾದರೂ ಮಾವನೋ ಅಣ್ಣನೋ ದುಬೈಯಲ್ಲಿ ಇದ್ದೇ ಇರುತ್ತಾರೆ, ‘ಬಾ, ಐಟಿ ಕೆಲಸ ನೋಡೋಣ’ ಅನ್ನುತ್ತಾರೆ. ಅಲ್ಲಿ ಫ್ರೆಶರ್‌ಗಿಂತ ಎರಡು ಮೂರು ವರ್ಷ ಮಾಡಿದವರಿಗೆ ದಾರಿ ಸಲೀಸು. ಆದ್ದರಿಂದ ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಅಷ್ಟು ಕಾಲ ಕಳೆದು ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೋಗುವುದೇ ಆದರೆ ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಯುಎಇಯಲ್ಲಿ ಕಾನೂನುಬಾಹಿರ ಅನ್ನುವುದು ಗೊತ್ತಿರಲಿ. ಏಜೆಂಟ್ ಮೂಲಕ ಹೋಗುವವರು ಆ ಏಜೆಂಟಿನ ನೋಂದಣಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯಾ ನೋಡಬೇಕು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ, ಆಫರ್ ಲೆಟರಿನ ಒಂದು ಪ್ರತಿ ಮನೆಯಲ್ಲಿ ಬಿಟ್ಟು ಹೋಗಿ.